ಸಹಾಯ ಬೇಕು: ಎಳೆಯ ಜಮೈಕಾ ರಮ್ಮಿನ ಘಾಟಿನ ಬಗ್ಗೆ

ಮಾನ್ಯರೇ, ಮಡಗಾಂವ್‌ನಲ್ಲಿರುವ ನಾನು, ಸ್ನೇಹಿತರೊಬ್ಬರು ತಂದುಕೊಟ್ಟ, ಪೀಪಾಯಿಯಲ್ಲಿ ಹೆಚ್ಚು ಕಾಲ ಇರಿಸದ, ಶೇ. 63ರಷ್ಟು ಆಲ್ಕೋಹಾಲ್ ಇರುವ ಜಮೈಕಾದ ಪಾಟ್ ಸ್ಟಿಲ್ (ಹಂಡೆಯಲ್ಲಿ ತಂಡ ತಂಡವಾಗಿ ಬಟ್ಟಿ ಇಳಿಸಿದ) ರಮ್ ಸವಿದೆ. ಮೂಗಿಗೆ ಮೊದಲು ಅತಿಯಾಗಿ ಕಳಿತ ಅನಾನಸು ಮತ್ತು ಬಾಳೆಹಣ್ಣು, ಅದರ ಬೆನ್ನಿಗೇ ನಮ್ಮ ಇಲ್ಲಿನ ಗೋಡಂಬಿ ಫೆನ್ನಿಯನ್ನು ನೆನಪಿಸುವ ಘಾಟು (ನನಗದು ಇಷ್ಟವೇ), ಕೊನೆಗೆ ಹೊಸದಾಗಿ ಬಳಿದ ಬಣ್ಣದ ವಾಸನೆ ಬಂದವು. ನಾಲಿಗೆಯಲ್ಲಿ ಉಪ್ಪುನೀರಿನ ಅಪ್ಪೆಮಿಡಿಯ ಒಗರು ಬಹಳ ಹೊತ್ತು ಉಳಿಯಿತು.

ರಮ್ಮಿನ ಮೂಲವಾದ ಕಾಕಂಬಿಯನ್ನು ದೀರ್ಘಕಾಲ ಹುಳಿಯಲು ಬಿಟ್ಟಾಗ ಎಸ್ಟರ್‌ಗಳು (ಪರಿಮಳ ಕೊಡುವ ರಾಸಾಯನಿಕಗಳು) ಹೆಚ್ಚುತ್ತವೆ, ಅನಾನಸಿನ ಪರಿಮಳ ಈಥೈಲ್ ಬ್ಯುಟಿರೇಟ್ ಎಂಬ ಎಸ್ಟರ್‌ನದು ಎಂದು ಬಲ್ಲೆ. ಆದರೆ ಬಣ್ಣದ ವಾಸನೆಯು ಈಥೈಲ್ ಅಸಿಟೇಟ್ ಎಂಬ ಇನ್ನೊಂದು ಎಸ್ಟರ್‌ನ ಸಹಜ ಗುಣವೇ ಅಥವಾ ಬಟ್ಟಿ ಇಳಿಸುವಾಗಿನ ದೋಷವೇ? ಎಷ್ಟು ನೀರು ಬೆರೆಸಿದರೆ ಹಣ್ಣಿನ ಪರಿಮಳ ಉಳಿದು ಘಾಟು ತಗ್ಗೀತು? ಅನುಭವಿಗಳು ದಯವಿಟ್ಟು ತಿಳಿಸಬೇಕು.