‘ಫ್ಲೈ-ಇನ್’ಗೆ ಕನ್ನಡದಲ್ಲಿ ಏನನ್ನೋಣ? (ಬ್ಯಾನರ್ ಗುರುವಾರ ಪ್ರಿಂಟಿಗೆ ಹೋಗಬೇಕು)

ವಿಸ್ಕಾನ್ಸಿನ್‌ನಿಂದ

ಎಲ್ಲರಿಗೂ ನಮಸ್ಕಾರ. ಕನ್ನಡ ಪದಗಳ ಚರ್ಚೆಯ ಈ ಮೇಲಿಂಗ್ ಪಟ್ಟಿಯನ್ನು ಎರಡು ವರ್ಷದಿಂದ ಸುಮ್ನೆ ಓದುತ್ತಿದ್ದವನು, ಇದೇ ಮೊದಲ ಸಲ ಬರೆಯುತ್ತಿದ್ದೇನೆ. ಒಂದು ಪದ ಬೇಕು. ಅದೂ ಬೇಗ.

ನಾವು ನಾಲ್ಕು ಜನ ಸೇರಿ ಒಂದು ಹಳೆಯ ಸಣ್ಣ ವಿಮಾನ, ಸೆಸ್ನಾ 172, ಇಟ್ಟುಕೊಂಡಿದ್ದೇವೆ. ನಾಲ್ಕು ಮನೆಯವರು ಸೇರಿ ಒಂದು ಎಮ್ಮೆ ಕಟ್ಟಿದ ಹಾಗೆ. ನಮ್ಮೂರಿನ ಸಣ್ಣ ಏರ್‌ಪೋರ್ಟಿನಲ್ಲಿ ಬರುವ ತಿಂಗಳು ಒಂದು ಶನಿವಾರ ಫ್ಲೈ-ಇನ್ ಇದೆ. ಅಂದರೆ ಸಣ್ಣ ವಿಮಾನ ಇರುವವರು ಸುತ್ತಲಿನ ಊರುಗಳಿಂದ ತಮ್ಮ ತಮ್ಮ ವಿಮಾನದಲ್ಲೇ ಹಾರಿ ಬರುತ್ತಾರೆ. ಇಳಿದು, ಸಾಲಾಗಿ ನಿಲ್ಲಿಸಿ, ತಿಂಡಿ ತಿಂದು, ಒಬ್ಬರ ವಿಮಾನವನ್ನು ಇನ್ನೊಬ್ಬರು ಸುತ್ತುಹಾಕಿ ನೋಡಿ, ಹರಟೆ ಹೊಡೆದು, ಮಧ್ಯಾಹ್ನದೊಳಗೆ ವಾಪಸ್. ಟಿಕೆಟ್ ಇಲ್ಲ, ಸ್ಪರ್ಧೆ ಇಲ್ಲ, ಭಾಷಣವಂತೂ ಇಲ್ಲವೇ ಇಲ್ಲ.

ಇಲ್ಲಿ ಇಂಥ ಕಡೆ ಪ್ಯಾನ್‌ಕೇಕ್ ಹಾಕುವುದು ರೂಢಿ. ಈ ಸಲ ತಿಂಡಿಯ ಜವಾಬ್ದಾರಿ ನಮ್ಮ ಕನ್ನಡ ಕೂಟದ್ದು. ದೋಸೆ. ಹಾಗಾಗಿ ಕಾರಿನಲ್ಲಿ ಕನ್ನಡದವರೂ ಬರುತ್ತಾರೆ. ಊರಿಂದ ಬಂದಿರುವ ಅಪ್ಪ ಅಮ್ಮಂದಿರೂ ಇರುತ್ತಾರೆ. ಗೇಟಿಗೆ ಒಂದು ಕನ್ನಡ ಬ್ಯಾನರ್ ಹಾಕೋಣ ಅಂತ. ಫ್ಲೈ-ಇನ್‌ಗೆ ಒಂದು ಪದ ಕೊಡಿ. ಪ್ರೊಪೆಲರ್ ಹತ್ತಿರ ಹೋಗಬೇಡಿ ಅನ್ನುವ ಬೋರ್ಡೂ ಬೇಕು. ಅದಕ್ಕೂ ಸಹಾಯ ಮಾಡಿ.

ಬೆಂಗಳೂರು, ಜಯನಗರ

‘ಏರ್ ಶೋ’ ಅಂತ ಹಾಕಿ ಮುಗಿಸಿ. 1996ರಿಂದ ಯಲಹಂಕದಲ್ಲಿ ನಡೀತಾ ಇದೆ. ಆಟೋದವರಿಗೂ ಗೊತ್ತಿರುವ ಪದ.

ವಿಸ್ಕಾನ್ಸಿನ್‌ನಿಂದ

ಸರ್, ಅದೊಂದೇ ಬೇಡ. ಏರ್ ಶೋ ಅಂದರೆ ಯಾರೋ ಲಾಗ ಹಾಕುತ್ತಾರೆ, ಜನ ಕತ್ತೆತ್ತಿ ನೋಡುತ್ತಾರೆ. ಇಲ್ಲಿ ಲಾಗ ಹಾಕುವವರು ಯಾರೂ ಇಲ್ಲ. ಏರ್ ಶೋ ಅಂತ ಬರೆದರೆ ಅಪ್ಪಂದಿರು ಬೆಳಿಗ್ಗೆ ಎಂಟಕ್ಕೇ ಕುರ್ಚಿ ಹಾಕಿಕೊಂಡು ಕೂತು, ಹತ್ತಕ್ಕೆ ‘ಇನ್ನೂ ಯಾಕೆ ಶುರುವಾಗಿಲ್ಲ’ ಅಂತ ಜಗಳ ತೆಗೆಯುತ್ತಾರೆ.

ಶಿವಮೊಗ್ಗ

ಬಾನೋಡಕೂಟ. ಬಾನ್ + ಓಡ + ಕೂಟ. ಮೂರೂ ನಮ್ಮವೇ ಪದಗಳು. ಓಡ ಅಂದರೆ ದೋಣಿ. ವಿಮಾನ ಸಂಸ್ಕೃತ, ನಮಗೆ ಬೇಡ.

ಮಂಗಳೂರು

ಮಾರಾಯ್ರೇ, ಅದನ್ನು ಬ್ಯಾನರಿನಲ್ಲಿ ಒಂದು ಸಲ ಬರೆದು ದೂರದಿಂದ ಓದಿ ನೋಡಿ. ‘ಬಾ ನೋಡ ಕೂಟ’. ಒಳ್ಳೆಯ ಆಮಂತ್ರಣವೇ, ಬೇಡ ಅನ್ನುವುದಿಲ್ಲ. ಆದರೆ ಬಂದು ಏನನ್ನು ನೋಡಬೇಕು ಅಂತ ಹೇಳುವುದಿಲ್ಲವಲ್ಲ.

ಶಿವಮೊಗ್ಗ

ನಗುವುದು ಸುಲಭ. ಪದ ಕಟ್ಟುವುದು ಕಷ್ಟ.

ತುಮಕೂರು

ಹಾರು ಅನ್ನುವ ಕ್ರಿಯಾಪದ ಇದೆಯಲ್ಲ, ಅದನ್ನೇ ಹಿಡಿಯೋಣ. ‘ಹಾರುವರ ಕೂಟ’. ಇಲ್ಲವಾದರೆ ‘ಹಾರುಕೂಟ’.

ಮೈಸೂರು

ತುಮಕೂರಿನವರಿಗೆ: ‘ಹಾರುವರ ಕೂಟ’ ಅಂತ ಬ್ಯಾನರ್ ಕಟ್ಟಿದರೆ ಜನಿವಾರ ಹಾಕಿಕೊಂಡವರು ಮಾತ್ರ ಒಳಗೆ ಬಂದಾರು. ಬರೆಯುವ ಮುಂಚೆ ಒಂದು ಸಲ ಗಟ್ಟಿಯಾಗಿ ಓದಿಕೊಳ್ಳಬಾರದೇ?

ಮಾತು ಬಂತು ಅಂತ ಹೇಳುತ್ತೇನೆ. ಇವೆರಡು ಒಂದೇ ಪದವಲ್ಲ. ಹಕ್ಕಿ ಹಾರುವ ‘ಹಾರು’ ಹಳಗನ್ನಡದಲ್ಲಿ ಪಾಱು, ಶಕಟರೇಫ, ಅಂದರೆ ಈಗ ಬಳಕೆಯಲ್ಲಿಲ್ಲದ ಱ ಅಕ್ಷರ. ಬ್ರಾಹ್ಮಣ ಅನ್ನುವ ಅರ್ಥದ ‘ಹಾರುವ’ ಹಿಂದೆ ಪಾರ್ವ, ಸಾದಾ ರೇಫ. ತಮಿಳಿನ ಪಾರ್ಪ್ಪಾನ್ ಅದರ ನೆಂಟ. ಪಕಾರ ಹಕಾರವಾಯಿತು, ಱಕಾರ ಕೈಬಿಟ್ಟುಹೋಯಿತು, ಎರಡೂ ಒಂದೇ ಬಟ್ಟೆ ತೊಟ್ಟುಕೊಂಡು ನಿಂತವು. ನನ್ನ ಕೇಳಿದರೆ ಱಕಾರವನ್ನು ಬಿಟ್ಟದ್ದೇ ತಪ್ಪು. ಅದೊಂದು ಇದ್ದಿದ್ದರೆ ಇವತ್ತು ಈ ಗೊಂದಲವೇ ಇರುತ್ತಿರಲಿಲ್ಲ.

ಇನ್ನು ‘ಹಾರುಕೂಟ’. ಕನ್ನಡದಲ್ಲಿ ಹಾರು ಅಂದರೆ ನೆಗೆಯುವುದೂ ಹೌದು. ಗೋಡೆ ಹಾರುತ್ತೇವೆ, ಬಾವಿಗೆ ಹಾರುತ್ತೇವೆ. ಹಾರುಕೂಟ ಅಂದರೆ ಯಾವುದೋ ಸರ್ಕಸ್ಸಿನ ನೆನಪಾಗುತ್ತದೆ.

ವಿಸ್ಕಾನ್ಸಿನ್‌ನಿಂದ

ಮೇಷ್ಟ್ರೇ, ತುಂಬ ಚೆನ್ನಾಗಿದೆ, ಆದರೆ ಬ್ಯಾನರ್ ಗುರುವಾರಕ್ಕೆ ಬೇಕು. ಱಕಾರ ಅಷ್ಟರೊಳಗೆ ವಾಪಸ್ ಬರುವ ಹಾಗೆ ಕಾಣೆ.

‘ಕೂಟ’ದ ಬಗ್ಗೆ ಒಂದು ತೊಂದರೆ ಹೇಳಬೇಕು. ಅಮೆರಿಕದಲ್ಲಿ ಕೂಟ ಅಂದರೆ ಸಂಘ. ಅಧ್ಯಕ್ಷರು, ಖಜಾಂಚಿ, ಚುನಾವಣೆ, ವಾರ್ಷಿಕ ಜಗಳ ಎಲ್ಲ ಸೇರಿದ್ದು. ‘ವಿಮಾನ ಕೂಟ’ ಅಂತ ಹಾಕಿದರೆ ನಮ್ಮ ಕೂಟ ಒಡೆದು ಎರಡಾಯಿತು ಅಂತ ಸಂಜೆಯೊಳಗೆ ಸುದ್ದಿ ಹಬ್ಬುತ್ತದೆ.

ಇನ್ನೊಂದು ಮಾತು. ಆ ‘ಇನ್’ ಅನ್ನುವುದರಲ್ಲೇ ಮುಕ್ಕಾಲು ಅರ್ಥ ಇದೆ. ಬರುವುದೇ ಹಬ್ಬ. ಆಶ್‌ಕಾಶ್ ಅನ್ನುವ ಊರು ನಮ್ಮ ರಾಜ್ಯದ್ದೇ. 1970ರಿಂದ, 2020 ಒಂದು ಬಿಟ್ಟು, ಪ್ರತಿ ವರ್ಷ ಜುಲೈ ಕೊನೆಯ ಹೊತ್ತಿಗೆ ಅಲ್ಲಿ ದೊಡ್ಡ ಫ್ಲೈ-ಇನ್ ಆಗುತ್ತದೆ. ಸಾವಿರಾರು ಸಣ್ಣ ವಿಮಾನಗಳು ಬರುತ್ತವೆ. ರಿಪನ್ ಅನ್ನುವ ಊರಿಂದ ಫಿಸ್ಕ್ ಅನ್ನುವ ಹಳ್ಳಿಯ ತನಕ ಕೆಳಗಿನ ರೈಲು ಹಳಿ ನೋಡಿಕೊಂಡು, ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ ಬರಬೇಕು. ಕೆಳಗೆ ನಿಂತವರು ಬಣ್ಣ ನೋಡಿ ರೇಡಿಯೋದಲ್ಲಿ ಕರೆಯುತ್ತಾರೆ. ಪೈಲಟ್ ಬಾಯಿ ಬಿಡುವ ಹಾಗಿಲ್ಲ, ಕೇಳಿಸಿತು ಅನ್ನುವುದಕ್ಕೆ ರೆಕ್ಕೆ ಅಲ್ಲಾಡಿಸಬೇಕು. ರನ್‌ವೇ ಮೇಲೆ ಬಣ್ಣದ ಚುಕ್ಕೆಗಳಿರುತ್ತವೆ. ‘ಹಸಿರು ಚುಕ್ಕೆಯ ಮೇಲೆ ಇಳಿ’ ಅಂದರೆ ಅಲ್ಲೇ ಇಳಿಯಬೇಕು, ಯಾಕಂದರೆ ಹಿಂದಿನವನು ಇನ್ನೊಂದು ಚುಕ್ಕೆಗೆ ಬರುತ್ತಾ ಇರುತ್ತಾನೆ. ಇಳಿದ ಮೇಲೆ ರೆಕ್ಕೆ ಕೆಳಗೇ ಟೆಂಟು ಹಾಕಿ ಮಲಗುವುದು.

ನಮ್ಮದು ಅಷ್ಟು ದೊಡ್ಡದಲ್ಲ. ಕಂಟ್ರೋಲ್ ಟವರ್ ಕೂಡ ಇಲ್ಲ, ಬರುವವರು ಒಂದೇ ಫ್ರೀಕ್ವೆನ್ಸಿಯಲ್ಲಿ ತಾವೆಲ್ಲಿದ್ದೇವೆ ಅಂತ ತಾವೇ ಕೂಗಿಕೊಂಡು ಇಳಿಯುತ್ತಾರೆ. ಮೋಡ ತೀರ ಕೆಳಗಿದ್ದರೆ ಒಂದು ವಿಮಾನವೂ ಬರುವುದಿಲ್ಲ. ಕಾರಿನವರು ಮಾತ್ರ ಬಂದೇ ಬರುತ್ತಾರೆ. ಹಿಟ್ಟು ಎಷ್ಟು ರುಬ್ಬುವುದು ಅನ್ನುವುದೇ ಈಗ ನಮ್ಮ ಮನೆಯಲ್ಲಿ ಪದಚರ್ಚೆಗಿಂತ ದೊಡ್ಡ ಚರ್ಚೆ.

ಬೆಂಗಳೂರು, ವಿಮಾನಪುರದ ಹತ್ತಿರ

ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು. ವ್ಯಾಕರಣ ಬಾರದು. ಒಂದು ಪ್ರಶ್ನೆ ಇದೆ. ಬಂದ ವಿಮಾನಗಳನ್ನು ಹೇಗೆ ನಿಲ್ಲಿಸುತ್ತೀರಿ? ಹಗ್ಗದಲ್ಲಿ ಕಟ್ಟುತ್ತೀರಿ ತಾನೆ?

ವಿಸ್ಕಾನ್ಸಿನ್‌ನಿಂದ

ಹೌದು ಸರ್. ಹುಲ್ಲಿನ ಮೇಲೆ ನಿಲ್ಲಿಸುತ್ತೇವೆ. ಗಾಳಿ ಎದ್ದರೆ ಹಗುರ ವಿಮಾನ ಮಗುಚಿಕೊಳ್ಳುತ್ತದೆ. ಎರಡು ರೆಕ್ಕೆಗೆ ಎರಡು ಹಗ್ಗ, ಬಾಲಕ್ಕೆ ಒಂದು. ಚಕ್ರಕ್ಕೆ ಮರದ ತುಂಡು ಕೊಡುತ್ತೇವೆ.

ಬೆಂಗಳೂರು, ವಿಮಾನಪುರದ ಹತ್ತಿರ

ಸರಿ. ನೆಲದಲ್ಲಿ ಗೂಟ, ಗೂಟಕ್ಕೆ ಹಗ್ಗ. ನಾನು ದೊಡ್ಡಬಳ್ಳಾಪುರದ ಕಡೆಯವನು. ಚಿಕ್ಕವನಿದ್ದಾಗ ಅಪ್ಪನ ಜೊತೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದೆ. ರೈತರು ತಮ್ಮ ತಮ್ಮ ಎತ್ತು ತಾವೇ ಹೊಡೆದುಕೊಂಡು ಬರುತ್ತಾರೆ. ಗೂಟ ಹೊಡೆದು ಸಾಲಾಗಿ ಕಟ್ಟುತ್ತಾರೆ. ಗಾಡಿ ಕೆಳಗೆ ಮಲಗುತ್ತಾರೆ. ಅಲ್ಲೇ ಒಲೆ ಹೂಡುತ್ತಾರೆ. ಕೊಳ್ಳುವವನಲ್ಲದಿದ್ದರೂ ಪ್ರತಿಯೊಬ್ಬನೂ ಪಕ್ಕದವನ ಎತ್ತಿನ ಸುತ್ತ ಒಂದು ಸುತ್ತು ಹಾಕಿ, ಬಾಯಿ ಬಿಡಿಸಿ ಹಲ್ಲು ನೋಡಿ, ‘ಎಷ್ಟು ವರ್ಷದ್ದು, ಏನು ಹಾಕ್ತೀರ’ ಅಂತ ಕೇಳುತ್ತಾನೆ. ನಿಮ್ಮವರು ಎಂಜಿನ್ ಮುಚ್ಚಳ ತೆಗೆದು ನೋಡುತ್ತಾರೆ, ಅಷ್ಟೇ ವ್ಯತ್ಯಾಸ.

ವಿಮಾನ ಜಾತ್ರೆ ಅಂತ ಹಾಕಿ. ಅಮ್ಮಂದಿರಿಗೆ ವಿವರಿಸುವ ಕೆಲಸವೇ ಇರುವುದಿಲ್ಲ.

ವಿಮಾನ ಬೇಡ ಅಂದವರಿಗೆ: 1958ರಲ್ಲಿ ಎಚ್‌ಎಎಲ್ ಇಲ್ಲೇ ಎರಡು ಸೀಟಿನ ಸಣ್ಣ ವಿಮಾನ ಹಾರಿಸಿತು, ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಮಾಡಿದ್ದು. ಹೆಸರು ಪುಷ್ಪಕ್. ಆಗ ಈ ಪಟ್ಟಿ ಇರಲಿಲ್ಲ, ಹಾಗಾಗಿ ಯಾರೂ ತಡೆಯಲಿಲ್ಲ.

ಶಿವಮೊಗ್ಗ

ಜಾತ್ರೆಯೂ ಸಂಸ್ಕೃತವೇ. ಯಾತ್ರಾ. ಎರಡು ಪದ, ಎರಡೂ ಸಾಲ. ಕನ್ನಡ ಬ್ಯಾನರ್ ಅಂತ ಯಾಕೆ ಕರೆಯುತ್ತೀರೋ.

ಮೈಸೂರು

ಯೋಗಿ ಜೋಗಿಯಾದ, ಯಮ ಜವನಾದ, ಯಾತ್ರೆ ಜಾತ್ರೆಯಾಯಿತು. ಇವೆಲ್ಲ ತದ್ಭವ. ನಮ್ಮ ಬಾಯಿಗೆ ಬಿದ್ದು, ನಮ್ಮ ಹಾಗೆ ಆಗಿ, ನೂರಾರು ವರ್ಷ ನಮ್ಮ ಜೊತೆ ಬದುಕಿದ ಪದವನ್ನು ಹೊರಗಿನದು ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ.

ಆದರೂ ಶಿವಮೊಗ್ಗದವರಿಗೆ ಒಂದು ಥ್ಯಾಂಕ್ಸ್. ಯಾತ್ರೆ ಅಂದರೆ ಹೊರಟು ಹೋಗುವುದು, ಪ್ರಯಾಣ. ಜಾತ್ರೆಗೆ ಊರವರು ಇದ್ದರೆ ಸಾಲದು, ಹೊರಗಿನವರು ದಾರಿ ಸವೆಸಿ ಬರಬೇಕು. ಪ್ರಶ್ನೆ ಕೇಳಿದವರು ಆ ‘ಇನ್’ಗೆ ಕನ್ನಡದಲ್ಲಿ ಏನು ಅಂತ ಕೇಳಿದರಲ್ಲ, ಅದು ಈ ಪದದ ಹೊಟ್ಟೆಯೊಳಗೇ ಇದೆ. ನಾನು ಇದನ್ನು ಮೊದಲೇ ಯೋಚಿಸಬೇಕಿತ್ತು.

ಧಾರವಾಡ

ಇಷ್ಟೆಲ್ಲ ಯಾಕ್ರೀ? ‘ಫ್ಲೈ-ಇನ್’ ಅಂತಲೇ ಕನ್ನಡ ಅಕ್ಷರದಾಗ ಬರೀರಿ. ಬಸ್ಸು, ಕಾರು, ರೈಲು ಎಲ್ಲ ಹಂಗೇ ಬಂದಾವು. ಅವಕ್ಕ ಯಾರು ಪಟ್ಟಿ ಕಟ್ಟಿ ಚರ್ಚೆ ಮಾಡಿದ್ರು?

ಮಂಗಳೂರು

ಬಸ್ಸು ಬಂತು, ಸರಿ. ಬಸ್ಸಿಗೆ, ಬಸ್ಸಿನಲ್ಲಿ, ಬಸ್ಸಿಂದ. ಕೊನೆಗೊಂದು ಉಕಾರ ಅಂಟಿಸಿದ ಕೂಡಲೇ ನಮ್ಮ ವಿಭಕ್ತಿಗಳು ಅದನ್ನು ಒಳಗೆ ಕರೆದುಕೊಂಡವು. ಫ್ಲೈ-ಇನ್‌ಗೆ ಉಕಾರ ಅಂಟಿಸಿ ನೋಡುವ. ‘ಫ್ಲೈಇನ್ನು’. ಇನ್ನು ಅಂದರೆ ಏನು? ‘ಫ್ಲೈ, ಇನ್ನು ಮುಂದೆ’ ಅಂತಲೋ? ‘ಫ್ಲೈಇನ್ನಿಗೆ ಬನ್ನಿ’ ಅಂತ ನಿಮ್ಮ ಅತ್ತೆಯ ಹತ್ತಿರ ಒಂದು ಸಲ ಹೇಳಿ, ಮತ್ತೆ ಬರೆಯಿರಿ. ನಾನು ಸಾಲದ ವಿರೋಧಿಯಲ್ಲ. ನಮ್ಮ ಪ್ರತ್ಯಯ ಹಿಡಿಯದ ಸಾಲ ಮಾತ್ರ ಬೇಡ.

ಧಾರವಾಡ

ನಮ್ಮ ಅತ್ತೀನ ಯಾಕ ತರ್ತೀರಿ ನಡಕ.

ಶಿವಮೊಗ್ಗ

ಧಾರವಾಡದವರು ಇಂಗ್ಲಿಷ್ ಇರಲಿ ಅನ್ನುತ್ತಾರೆ, ಮೈಸೂರಿನವರು ಸಂಸ್ಕೃತ ಇರಲಿ ಅನ್ನುತ್ತಾರೆ. ಕನ್ನಡ ಇರಲಿ ಅಂದವನು ಮಾತ್ರ ಇಲ್ಲಿ ಜೋಕು. ಬಸ್ಸು ಬಂದಾಗ ಕೇಳುವವರು ಇರಲಿಲ್ಲ ಅನ್ನುವುದು, ಈಗಲೂ ಕೇಳಬಾರದು ಅನ್ನುವುದಕ್ಕೆ ಕಾರಣವೇ?

ಮೈಸೂರು

ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಬೇರೆ ಚರ್ಚೆ ಶುರುಮಾಡಿ. ಅದರಲ್ಲೂ ನಾನು ಒಪ್ಪುವುದಿಲ್ಲ.

ವಿಸ್ಕಾನ್ಸಿನ್‌ನಿಂದ

ದಯವಿಟ್ಟು ಪ್ರೊಪೆಲರ್ ಬೋರ್ಡಿಗೆ ಬನ್ನಿ. ಬ್ಯಾನರಿಗಿಂತ ಅದೇ ಮುಖ್ಯ. ಜೋರಾಗಿ ತಿರುಗುವಾಗ ಪ್ರೊಪೆಲರ್ ಕಣ್ಣಿಗೆ ಕಾಣುವುದೇ ಇಲ್ಲ. ನಿಂತಾಗ ಮಕ್ಕಳು ಕೈಯಲ್ಲಿ ತಿರುಗಿಸಲು ಹೋಗುತ್ತಾರೆ. ನಿಂತಿರುವುದೂ ಅಪಾಯವೇ. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿ ಬೇಕಿಲ್ಲ, ಅದರ ತಂತಿ ಎಲ್ಲಾದರೂ ಬಿಟ್ಟುಹೋಗಿದ್ದರೆ ಕೈಯಲ್ಲಿ ತಿರುಗಿಸಿದ್ದಕ್ಕೇ ಎಂಜಿನ್ ಕೆಮ್ಮಿ ಒಂದು ಸುತ್ತು ಬೀಸಿಬಿಡಬಹುದು.

ಶಿವಮೊಗ್ಗ

ಗಾಳಿದೂಡುಕ. ಅದು ಬೇಡವಾದರೆ ತಿರುಗರಿ.

ಬೆಂಗಳೂರು, ವಿಮಾನಪುರದ ಹತ್ತಿರ

ಸ್ವಾಮಿ, ಇದು ಕೈ ಕತ್ತರಿಸುವ ಸಾಮಾನು. ಅಜ್ಜಿಯೊಬ್ಬರು ‘ತಿರುಗರಿ’ ಅಂದರೆ ಏನು ಅಂತ ಯೋಚಿಸುತ್ತಾ ಅದರ ಮುಂದೆಯೇ ನಿಂತರೆ ಯಾರು ಹೊಣೆ? ಬ್ಯಾನರಿನಲ್ಲಿ ಏನು ಬೇಕಾದರೂ ಪ್ರಯೋಗ ಮಾಡಿ. ಬೋರ್ಡಿನಲ್ಲಿ ಬೇಡ. ‘ಮುಂದಿನ ಫ್ಯಾನು’ ಅಂತ ಬರೆಯಿರಿ.

ಮೈಸೂರು

ಫ್ಯಾನು ಅಂದರೆ ಗಾಳಿ ಬರುವುದು ಅಂತ ಹತ್ತಿರ ಹೋಗುವುದಿಲ್ಲವೇ?

ಬೆಂಗಳೂರು, ವಿಮಾನಪುರದ ಹತ್ತಿರ

ಓಡುವ ಫ್ಯಾನಿಗೆ ಬೆರಳು ಹಾಕಬಾರದು ಅಂತ ನಾಲ್ಕು ವರ್ಷದ ಮಗುವಿಗೂ ಗೊತ್ತು, ಮೇಷ್ಟ್ರೇ.

ಮೈಸೂರು

ಒಪ್ಪಿದೆ. ಕರಡು ಕೊಡುತ್ತೇನೆ: ‘ವಿಮಾನದ ಮುಂದಿನ ಫ್ಯಾನಿನ ಹತ್ತಿರ ಹೋಗಬೇಡಿ. ತಿರುಗುವಾಗ ಅದು ಕಾಣುವುದಿಲ್ಲ. ನಿಂತಿದ್ದರೂ ಮುಟ್ಟಬೇಡಿ. ಮಕ್ಕಳ ಕೈ ಹಿಡಿದುಕೊಳ್ಳಿ.’ ‘ಎಚ್ಚರಿಕೆ’ ಅಂತ ಮೇಲೆ ದೊಡ್ಡದಾಗಿ ಇರಲಿ. ‘ಪ್ರವೇಶ ನಿಷೇಧಿಸಲಾಗಿದೆ’ ಅಂತ ಬರೆಯಬೇಡಿ. ಅದನ್ನು ಓದಿ ನಿಂತ ಕನ್ನಡಿಗನನ್ನು ನಾನು ನೋಡಿಲ್ಲ.

ವಿಸ್ಕಾನ್ಸಿನ್‌ನಿಂದ

ಎಲ್ಲರಿಗೂ ಧನ್ಯವಾದ. ತೀರ್ಮಾನ ಮಾಡಿದೆ. ಮೇಲಿನ ಸಾಲು ‘ವಿಮಾನ ಜಾತ್ರೆ’. ಕೆಳಗಿನ ಸಾಲು ‘ಹಾರಿ ಬಂದವರಿಗೂ ಕಾರಿನಲ್ಲಿ ಬಂದವರಿಗೂ ದೋಸೆ’. ಬೋರ್ಡಿಗೆ ಮೇಷ್ಟ್ರ ಕರಡು ಇದ್ದ ಹಾಗೇ. ನನ್ನ ಪಾಲುದಾರ ಒಬ್ಬ ಇಲ್ಲಿಯವನು, ‘ಜಾತ್ರೆ’ಗೆ ಅರ್ಥ ಕೇಳಿದ. ಎತ್ತಿನ ಹಲ್ಲಿನ ಕಥೆ ಹೇಳಿದೆ. ಅವತ್ತಿನಿಂದ ಯಾರ ವಿಮಾನ ಕಂಡರೂ ಮುಚ್ಚಳ ತೆಗೆದು ‘ಹಲ್ಲು ನೋಡೋಣ’ ಅನ್ನುತ್ತಿದ್ದಾನೆ.

ವಿಸ್ಕಾನ್ಸಿನ್‌ನಿಂದ (ಬುಧವಾರ ರಾತ್ರಿ)

ಅರ್ಜೆಂಟ್. ಪ್ರಿಂಟಿನವರು ಪ್ರೂಫ್ ಕಳಿಸಿದ್ದಾರೆ. ಅದರಲ್ಲಿ ‘ಜಾತ್‌ರೆ’ ಅಂತ ಬಿದ್ದಿದೆ. ಒತ್ತು ಕಳಚಿಕೊಂಡು ಪಕ್ಕಕ್ಕೆ ಬಂದು ಕೂತಿದೆ. ಎರಡು ಸಲ ಫಾಂಟ್ ಬದಲಾಯಿಸಿದರೂ ಹಾಗೇ. ಏನು ಮಾಡಲಿ?

ಶಿವಮೊಗ್ಗ

ಬಾನೋಡಕೂಟದಲ್ಲಿ ಒಂದೂ ಒತ್ತಕ್ಷರ ಇಲ್ಲ. ಮೊದಲೇ ಹೇಳಿದ್ದೆ.

ಮಂಗಳೂರು

ಅಕ್ಷರವಾಗಿ ಕಳಿಸಬೇಡಿ, ನೀವೇ ಪಿಡಿಎಫ್ ಮಾಡಿ ಚಿತ್ರದ ಹಾಗೆ ಕಳಿಸಿ. ಅವರ ಕಂಪ್ಯೂಟರಿಗೆ ಕನ್ನಡ ಜೋಡಿಸುವ ಕೆಲಸವೇ ಬೇಡ.

ವಿಸ್ಕಾನ್ಸಿನ್‌ನಿಂದ

ಕಳಿಸಿದೆ. ಸರಿಯಾಗಿ ಬಂತು. ಶಿವಮೊಗ್ಗದ ಸರ್, ನಮ್ಮ ವಿಮಾನಕ್ಕೆ ಇನ್ನೂ ಹೆಸರಿಟ್ಟಿಲ್ಲ. ಬಾಗಿಲ ಮೇಲೆ ಸಣ್ಣದಾಗಿ ‘ಬಾನೋಡ’ ಅಂತ ಅಂಟಿಸಬಹುದಾ? ಪಾಲುದಾರರು ಮೂವರೂ ಒಪ್ಪಿದ್ದಾರೆ.

ಶಿವಮೊಗ್ಗ

ಅಂಟಿಸಿ. ‘ಬಾ’ ಮತ್ತು ‘ನೋ’ ನಡುವೆ ಜಾಗ ಬಿಡಬೇಡಿ.