ಲೈಫ್‌ರೇ: ಮುಖಪುಟದಲ್ಲಿ ಮಾಡಿದ ಬದಲಾವಣೆ ಹಳಬರಿಗೆ ಮಾತ್ರ ಕಾಣುತ್ತಿಲ್ಲ (ಬಗೆಹರಿದಿದೆ)

ಬೈಟ್‌ಬುಟ್ಟಿ:
ನಮಸ್ಕಾರ. ಮೂರು ದಿನದಿಂದ ಇದಕ್ಕೇ ತಲೆ ಕೆಡಿಸಿಕೊಂಡು ಕೂತಿದ್ದೇನೆ. ಲೈಫ್‌ರೇ (ಪೋರ್ಟಲ್ ಕಟ್ಟುವ ಸಾಫ್ಟ್‌ವೇರ್) ಮೇಲೆ ಕಟ್ಟಿದ ಒಳಬಳಕೆಯ ಪೋರ್ಟಲ್, ಸುಮಾರು 120 ಜನ ಬಳಸುತ್ತಾರೆ. ಮುಖಪುಟ ವಿಜೆಟ್ ಪೇಜ್, ಅಂದರೆ ವಿಜೆಟ್ ಅನ್ನೋ ಸಣ್ಣ ಸಣ್ಣ ತುಣುಕುಗಳನ್ನು ಕಾಲಮ್‌ಗಳಲ್ಲಿ ಜೋಡಿಸಿದ ಪುಟ. ಅವರವರಿಗೆ ಬೇಕಾದ ಹಾಗೆ ಜೋಡಿಸಿಕೊಳ್ಳಲಿ ಅಂತ ಪೇಜ್ ಸೆಟ್ಟಿಂಗ್‌ನಲ್ಲಿ ಕಸ್ಟಮೈಸಬಲ್ ಆನ್ ಮಾಡಿ, ಎರಡೂ ಕಾಲಮ್ ಬಿಟ್ಟುಕೊಟ್ಟೆ.

ಬಲಗಡೆ ಕಾಲಮ್‌ನಲ್ಲಿ ಒಂದು ವೆಬ್ ಕಂಟೆಂಟ್ ಡಿಸ್‌ಪ್ಲೇ (ನಾವು ಆರಿಸಿದ ಬರಹ ತೋರಿಸುವ ವಿಜೆಟ್) ಇದೆ, ಸೂಚನೆಗಳಿಗೆ. ಸೋಮವಾರ ಅದರಲ್ಲಿ ಹಳೇ ಸೂಚನೆ ತೆಗೆದು ಹೊಸದನ್ನು ಆರಿಸಿದೆ. ನನಗೆ ಹೊಸದು ಕಾಣುತ್ತೆ. ಹೊಸದಾಗಿ ಖಾತೆ ಪಡೆದ ಇಬ್ಬರಿಗೂ ಕಾಣುತ್ತೆ. ಹಳಬರಿಗೆ ಮಾತ್ರ ಇನ್ನೂ ಹಳೇ ಸೂಚನೆಯೇ! ಬ್ರೌಸರ್ ಕ್ಯಾಶ್ ಅಳಿಸಿದ್ದಾಯಿತು, ಸರ್ವರ್ ಕ್ಯಾಶ್ ಅಳಿಸಿದ್ದಾಯಿತು, ಕೊನೆಗೆ ರೀಸ್ಟಾರ್ಟೂ ಮಾಡಿದೆ. ಏನೂ ಬದಲಾಗಲಿಲ್ಲ.

ಇನ್ನೊಂದು ತೊಂದರೆ. ಒಂದು ಗುಂಪಿನವರಿಗೆ ಪೇಜ್ ಕಾಣುತ್ತೆ, ಆದರೆ ಜೋಡಿಸಿಕೊಳ್ಳುವ ಆಯ್ಕೆಯೇ ಬರುವುದಿಲ್ಲ. ಎರಡಕ್ಕೂ ಸಂಬಂಧ ಇದೆಯಾ?

ತೂತುಪರ್ಮಿಶನ್:
ಡೇಟಾಬೇಸ್‌ಗೆ ಹೋಗಿ ಪೋರ್ಟ್‌ಲೆಟ್ (ಅಂದರೆ ವಿಜೆಟ್) ಪ್ರಿಫರೆನ್ಸ್ ಟೇಬಲ್‌ನಲ್ಲಿ ಆ ಪೇಜಿನ ಸಾಲುಗಳನ್ನೆಲ್ಲ ಡಿಲೀಟ್ ಹೊಡೆಯಿರಿ. ಎರಡು ನಿಮಿಷದ ಕೆಲಸ.

ಹಳೇಸರ್ವರ್:
ದಯವಿಟ್ಟು ಬೇಡ! ಕಾಲಮ್‌ನಲ್ಲಿ ಯಾವ ಯಾವ ವಿಜೆಟ್ ಇದೆ ಅನ್ನೋ ಪಟ್ಟಿ ಇರುವುದು ಒಂದು ಕಡೆ, ಆ ವಿಜೆಟ್‌ನ ಸೆಟ್ಟಿಂಗ್ ಇರುವುದು ಇನ್ನೊಂದು ಕಡೆ. ಒಂದನ್ನು ಅಳಿಸಿ ಇನ್ನೊಂದನ್ನು ಬಿಟ್ಟರೆ ಖಾಲಿ ಡಬ್ಬಗಳು ಕಾಣುತ್ತವೆ. ಜೊತೆಗೆ ಅಳಿಸಿದ್ದು ಮೆಮೊರಿ ಕ್ಯಾಶ್‌ಗೆ ಗೊತ್ತೇ ಆಗುವುದಿಲ್ಲ. ನಾನೂ ಒಮ್ಮೆ ಈ ಎರಡು ನಿಮಿಷದ ಕೆಲಸ ಮಾಡಿ, ರಾತ್ರಿಯೆಲ್ಲ ಬ್ಯಾಕಪ್ ಹಾಕಿಕೊಂಡು ಕೂತವನು.

ಬೈಟ್‌ಬುಟ್ಟಿ ಅವರೇ, ನಿಮ್ಮದು ಕ್ಯಾಶ್ ಸಮಸ್ಯೆ ಅಲ್ಲವೇ ಅಲ್ಲ. ಕಾಲಮ್ ಅನ್ನು ಬಳಕೆದಾರರಿಗೆ ಬಿಟ್ಟುಕೊಟ್ಟರೆ ಆ ಕಾಲಮ್‌ನ ಒಂದು ಪ್ರತಿ ಪ್ರತಿಯೊಬ್ಬರ ಹೆಸರಲ್ಲೂ ಬೇರೆ ಬೇರೆ ತಯಾರಾಗುತ್ತೆ. ಒಳಗಿನ ವಿಜೆಟ್‌ಗಳಿಗೂ, ಅವುಗಳ ಸೆಟ್ಟಿಂಗ್‌ಗಳಿಗೂ ಪ್ರತಿ. ಆಮೇಲೆ ಮೂಲ ಪೇಜಿನಲ್ಲಿ ನೀವು ಏನೇ ಮಾಡಿದರೂ ಅವರ ಪ್ರತಿಯನ್ನು ಅದು ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ, ಅದು ಅವರದ್ದು ಅಲ್ವಾ?

ನೋಡಬೇಕು ಅಂದರೆ, ಹಳಬರೊಬ್ಬರ ಲಾಗಿನ್‌ನಲ್ಲಿ ಪೇಜ್ ಸೋರ್ಸ್ ತೆರೆಯಿರಿ. ಆ ವಿಜೆಟ್‌ನ ಐಡಿ ಹುಡುಕಿ. ಮಧ್ಯದಲ್ಲಿ ಅಂಡರ್‌ಸ್ಕೋರ್ ಹಾಕಿ ಯೂಸರ್ ಅಂತ ಇರುತ್ತೆ, ಅದರ ಮುಂದೆ ಅವರ ಯೂಸರ್ ಐಡಿ ನಂಬರ್, ಆಮೇಲೆ ಇನ್‌ಸ್ಟನ್ಸ್ (ಅದೇ ಬಗೆಯ ವಿಜೆಟ್‌ಗಳಲ್ಲಿ ಇದು ಯಾವುದು ಅನ್ನೋ ಗುರುತು). ನೀವು ಮೂಲ ಪೇಜಿನಲ್ಲಿ ನೋಡುವ ಐಡಿಯಲ್ಲಿ ಈ ಯೂಸರ್ ತುಂಡು ಇರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೋಮವಾರ ನೀವು ಅದೇ ಹಳೇ ಸೂಚನೆಯನ್ನು ತೆರೆದು ಒಳಗಿನ ಬರಹ ತಿದ್ದಿದ್ದರೆ ಎಲ್ಲರಿಗೂ ಕಂಡಿರುತ್ತಿತ್ತು. ಯಾಕೆಂದರೆ ಬರಹ ಎಲ್ಲರಿಗೂ ಒಂದೇ. ‘ಯಾವ ಬರಹ ತೋರಿಸಬೇಕು’ ಅನ್ನೋದು ಮಾತ್ರ ವಿಜೆಟ್‌ನ ಸೆಟ್ಟಿಂಗ್. ನೀವು ಬದಲಾಯಿಸಿದ್ದು ಅದನ್ನೇ.

ಪರಿಹಾರ ಸುಲಭ. ಎಲ್ಲರೂ ನೋಡಲೇಬೇಕಾದ್ದು ಇರುವ ಕಾಲಮ್‌ನ ಕಸ್ಟಮೈಸಬಲ್ ಆಫ್ ಮಾಡಿ. ಬೀಗ ಹಾಕಿದ ಕಾಲಮ್‌ನಲ್ಲಿ ನೀವು ಮಾಡಿದ ಬದಲಾವಣೆ ಎಲ್ಲರಿಗೂ ತಕ್ಷಣ ಬರುತ್ತೆ. ಎಡಗಡೆಯದು ಅವರಿಗೇ ಇರಲಿ.

ಎರಡನೇ ಪ್ರಶ್ನೆ: ಆ ಗುಂಪಿನವರು ಸೈಟ್ ಮೆಂಬರ್‌ಗಳಾ, ಸುಮ್ನೆ ಲಾಗಿನ್ ಆದವರಾ?

ಬೈಟ್‌ಬುಟ್ಟಿ:
ಸೋರ್ಸ್ ನೋಡಿದೆ ಸರ್, ನೀವು ಹೇಳಿದ ಹಾಗೇ ಇದೆ. ಮೂರು ದಿನ ಕ್ಯಾಶನ್ನು ಬೈದಿದ್ದು ದಂಡ. ಆ ಗುಂಪಿನವರು ಮೆಂಬರ್ ಆಗಿರಬೇಕು ಅಂದುಕೊಂಡಿದ್ದೆ, ಪೇಜ್ ಕಾಣುತ್ತಲ್ಲ ಅಂತ. ನನ್ನ ಲಾಗಿನ್‌ನಲ್ಲಿ ಎಲ್ಲವೂ ಸರಿ ಇದೆ.

ಹಳೇಸರ್ವರ್:
ಅಡ್ಮಿನ್ ಲಾಗಿನ್‌ನಲ್ಲಿ ಪರ್ಮಿಶನ್ ಪರೀಕ್ಷೆ ಮಾಡಿದರೆ ಎಲ್ಲ ಬಾಗಿಲೂ ತೆರೆದೇ ಇರುತ್ತೆ. ಸಾಮಾನ್ಯ ಖಾತೆಯೊಂದನ್ನು ಪರೀಕ್ಷೆಗೇ ಇಟ್ಟುಕೊಳ್ಳಿ. ಇಂಪರ್ಸನೇಟ್ ಯೂಸರ್ (ಬೇರೆಯವರ ಖಾತೆಯಾಗಿ ಒಳಗೆ ಹೋಗುವ ಆಯ್ಕೆ) ಕೂಡ ಇದೆ, ಆದರೆ ಹುಷಾರು. ಹಾಗೆ ಒಳಗೆ ಹೋಗಿ ವಿಜೆಟ್ ಎಳೆದಾಡಿದರೆ ಅದು ಅವರ ಹೆಸರಲ್ಲೇ ಸೇವ್ ಆಗುತ್ತೆ.

ಪೇಜ್ ನೋಡಲು ವ್ಯೂ ಪರ್ಮಿಶನ್ ಸಾಕು, ಅದು ಗೆಸ್ಟ್‌ಗೂ (ಲಾಗಿನ್ ಆಗದವರಿಗೂ) ಇರಬಹುದು. ಜೋಡಿಸಿಕೊಳ್ಳಲು ಕಸ್ಟಮೈಸ್ ಬೇಕು. ಅದು ಸಾಮಾನ್ಯವಾಗಿ ಸೈಟ್ ಮೆಂಬರ್ ರೋಲ್‌ಗೆ ಇರುತ್ತೆ. ಒಬ್ಬೊಬ್ಬರನ್ನೇ ಸೇರಿಸುತ್ತಾ ಕೂರಬೇಡಿ, ಇಡೀ ಯೂಸರ್ ಗ್ರೂಪ್ ಅನ್ನೇ ಸೈಟ್‌ಗೆ ಮೆಂಬರ್ ಮಾಡಿ. ಅವರು ಹೊಸ ವಿಜೆಟ್ ಹಾಕಿಕೊಳ್ಳಬೇಕಾದರೆ ಆ ವಿಜೆಟ್‌ನ ಆಡ್ ಟು ಪೇಜ್ ಪರ್ಮಿಶನ್ನೂ ಬೇಕು. ಜಾಸ್ತಿ ಜನ ಮರೆಯುವುದು ಇದನ್ನೇ.

ಕೋಡ್‌ಕಣಜ:
ಮಧ್ಯೆ ಬಾಯಿ ಹಾಕುತ್ತೇನೆ. ನೀವೇ ಬರೆದ ಪೋರ್ಟ್‌ಲೆಟ್ ಏನಾದರೂ ಎಡಗಡೆ ಇದ್ದರೆ, ಬಳಕೆದಾರರು ಬದಲಾಯಿಸಬಾರದ ಪ್ರಿಫರೆನ್ಸ್‌ಗೆ (ಸೆಟ್ಟಿಂಗ್‌ಗೆ) ಪೋರ್ಟ್‌ಲೆಟ್ ಎಕ್ಸ್‌ಎಂಎಲ್ ಫೈಲ್‌ನಲ್ಲಿ ರೀಡ್ ಓನ್ಲಿ ಹಾಕಿಬಿಡಿ. ಕೋಡ್ ಅದನ್ನು ಬದಲಾಯಿಸಲು ಹೋದರೆ ಎಕ್ಸೆಪ್ಶನ್ ಬರುತ್ತೆ. ಇದು 2003ರ ಜೆಎಸ್‌ಆರ್ 168ರ (ಜಾವಾ ಪೋರ್ಟ್‌ಲೆಟ್‌ಗಳ ಮೊದಲ ಮಾನದಂಡ) ಕಾಲದಿಂದಲೂ ಇರುವ ಸೌಲಭ್ಯ. ಹಾಗೇ ಪ್ರಿಫರೆನ್ಸ್ ಸೇವ್ ಮಾಡುವ ಸ್ಟೋರ್ ಕರೆಯನ್ನು ರೆಂಡರ್ (ಪುಟ ತೋರಿಸುವ ಹಂತ) ಒಳಗೆ ಇಡಬೇಡಿ, ಆ್ಯಕ್ಷನ್‌ನಲ್ಲಿ (ಬಳಕೆದಾರರ ಕ್ರಿಯೆ ನಡೆಸುವ ಹಂತ) ಇಡಿ. ರೆಂಡರ್‌ನಲ್ಲಿ ಅದಕ್ಕೆ ಅವಕಾಶವಿಲ್ಲ.

ಬೈಟ್‌ಬುಟ್ಟಿ:
ಬಲಗಡೆ ಕಾಲಮ್‌ಗೆ ಬೀಗ ಹಾಕಿದೆ, ಹಳಬರಿಗೂ ಹೊಸ ಸೂಚನೆ ಬಂತು. ಯೂಸರ್ ಗ್ರೂಪ್ ಸೇರಿಸಿದ್ದಕ್ಕೆ ಆ ಗುಂಪಿನವರಿಗೆ ಆಯ್ಕೆಯೂ ಬಂತು. ಒಬ್ಬರು ಎಡಗಡೆಯದನ್ನೆಲ್ಲ ತೆಗೆದುಹಾಕಿ ಖಾಲಿ ಪೇಜ್ ನೋಡುತ್ತಾ ಕೂತಿದ್ದರು. ಅವರಿಗೆ ‘ರೀಸೆಟ್ ಮೈ ಕಸ್ಟಮೈಸೇಶನ್ಸ್’ ತೋರಿಸಿದೆ, ಸರಿಯಾಯಿತು.

ಈಗ ಬಲಗಡೆ ತಮ್ಮ ಕ್ಯಾಲೆಂಡರ್ ಇಟ್ಟುಕೊಂಡಿದ್ದವರ ಸರದಿ. ಎಲ್ಲಿ ಹೋಯ್ತು ಅಂತ ಬೆಳಗಿನಿಂದ ನಾಲ್ಕು ಫೋನ್ ಬಂದಿವೆ. ಎಡಗಡೆ ಹಾಕಿಕೊಳ್ಳಿ ಅಂತ ಹೇಳುತ್ತಿದ್ದೇನೆ.