ಬಸುರಿಯಲ್ಲಿ ಜರ್ಮನಿ ಪ್ರಯಾಣ: ಹೆರಿಗೆ ಖರ್ಚು ಯಾವ ವಿಮೆಯಲ್ಲಿ ಬರುತ್ತೆ?

ವಿಜಯನಗರದ ಸೊಸೆ:
ಎಲ್ಲರಿಗೂ ನಮಸ್ಕಾರ. ನನಗೀಗ 18ನೇ ವಾರ, ಮೊದಲ ಮಗು. ಮನೆಯವರು ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕೆ ಸೇರಿದ್ದಾರೆ. ನನ್ನ ಫ್ಯಾಮಿಲಿ ವೀಸಾಗೆ ಅರ್ಜಿ ಹಾಕಿ ಆಗಿದೆ. ಹೆರಿಗೆ ಅಲ್ಲೇ ಆಗಲಿ ಅಂತ ನಮ್ಮಿಬ್ಬರ ಆಸೆ. ಅತ್ತೆ ಮಾತ್ರ ಏಳನೇ ತಿಂಗಳ ಸೀಮಂತ ಮುಗಿಸಿಕೊಂಡೇ ಹೋಗು ಅನ್ನುತ್ತಿದ್ದಾರೆ. ಛತ್ರ ಕೂಡ ನೋಡಿಟ್ಟಿದ್ದಾರೆ! ಟ್ರಾವೆಲ್ ಏಜೆಂಟ್ ಒಬ್ಬರು "ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ ಮೇಡಂ, ಆಸ್ಪತ್ರೆ ಖರ್ಚೆಲ್ಲಾ ಅದರಲ್ಲೇ ಬರುತ್ತೆ" ಅಂದರು. ಯಾಕೋ ನಂಬಿಕೆ ಬರುತ್ತಿಲ್ಲ. ಯಾವಾಗ ಹೊರಟರೆ ಸರಿ? ಇಲ್ಲಿನ ಕೆಲಸಕ್ಕೆ ಇನ್ನೂ ರಾಜೀನಾಮೆ ಕೊಟ್ಟಿಲ್ಲ. ಕೊಟ್ಟುಬಿಡಲಾ?

ಮಲ್ಲೇಶ್ವರದ ಅಕ್ಕ:
ನಂಬದೇ ಇದ್ದದ್ದೇ ಒಳ್ಳೆಯದಾಯಿತು ಬಿಡಮ್ಮ. ನನ್ನ ಮಗಳು ಹುಟ್ಟಿದ್ದು ಮ್ಯೂನಿಕ್‌ನಲ್ಲಿ. ಆರನೇ ತಿಂಗಳಲ್ಲಿ ಇಲ್ಲಿಂದ ಹೋಗಿದ್ದೆ. ನನಗೂ ಒಬ್ಬರು ಹೀಗೇ ಹೇಳಿದ್ದರು. ಪಾಲಿಸಿ ತೆರೆದು ನೋಡಿದರೆ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ 30,000 ಯೂರೋ. ಒಳಗೆಲ್ಲೋ ಇರುವೆ ಸಾಲಿನಂಥ ಅಕ್ಷರದಲ್ಲಿ "ಇವಕ್ಕೆ ಅನ್ವಯಿಸುವುದಿಲ್ಲ" ಅಂತ ಒಂದು ಪಟ್ಟಿ. ಬಂಜೀ ಜಂಪಿಂಗ್, ಕುಡಿದು ಬಿದ್ದದ್ದು, ಅದರ ಕೆಳಗೇ ಬಸಿರು ಮತ್ತು ಹೆರಿಗೆ. ಒಳ್ಳೇ ಸಹವಾಸ! ಷೆಂಗೆನ್ ವೀಸಾಗೆ ಅಷ್ಟು ಮೊತ್ತದ ವಿಮೆ ತೋರಿಸಲೇಬೇಕು, ಅದಕ್ಕಾಗಿ ಆ ಪಾಲಿಸಿ. ಹೆರಿಗೆಗೂ ಅದಕ್ಕೂ ಸಂಬಂಧವೇ ಇಲ್ಲ.

ಇವತ್ತು ರಾತ್ರಿ ನಿಮ್ಮವರು ಫೋನ್ ಮಾಡಿದಾಗ ಒಂದೇ ಪ್ರಶ್ನೆ ಕೇಳಿ: ಅವರ ಆರೋಗ್ಯ ವಿಮೆ ಕ್ರಾಂಕೆನ್‌ಕಾಸೆಯದೋ, ಖಾಸಗಿಯದೋ? ಟಿಕೆಟ್ಟು, ತಾರೀಖು ಎಲ್ಲಾ ಆಮೇಲೆ.

ಕ್ರಾಂಕೆನ್‌ಕಾಸೆ ಅಂದರೆ ಅಲ್ಲಿನ ಸಾರ್ವಜನಿಕ ಆರೋಗ್ಯ ವಿಮಾ ಸಂಸ್ಥೆ; ಟಿಕೆ, ಎಓಕೆ, ಬಾರ್ಮರ್ ಥರದವು. ಗಂಡ ಅದರಲ್ಲಿದ್ದರೆ, ದುಡಿಮೆ ಇಲ್ಲದ ಹೆಂಡತಿ ಒಂದು ಪೈಸೆ ಕೊಡದೆ ಅವರ ವಿಮೆಯಲ್ಲೇ ಸೇರಬಹುದು. ಆಗಲೇ ಬಸುರಿ ಅಂತ ಬೇಡ ಅನ್ನುವ ಹಾಗಿಲ್ಲ, ಇಷ್ಟು ತಿಂಗಳು ಕಾಯಿರಿ ಅನ್ನುವ ಹಾಗೂ ಇಲ್ಲ. ಚೆಕಪ್, ಹೆರಿಗೆ, ಸಿಸೇರಿಯನ್ ಆದರೂ ಅದರಲ್ಲೇ. ಅಲ್ಲಿ ಮನೆ ವಿಳಾಸ ನೋಂದಾಯಿಸಿ, ಕುಟುಂಬ ವಿಮೆಯ ಫಾರಂ ತುಂಬಿದರಾಯಿತು. ಕಾರ್ಡ್ ಬರುವುದು ತಡ. ಅಲ್ಲಿಯವರೆಗೆ ಬದಲಿ ಪತ್ರ ಕೊಡಿ ಅಂತ ಕೇಳಿ, ಕೊಡುತ್ತಾರೆ.

ಖಾಸಗಿ ಆದರೆ ಕಥೆಯೇ ಬೇರೆ. ನಿಮಗೆ ಬೇರೆ ಪಾಲಿಸಿ, ಬೇರೆ ಕಂತು. ಬಸುರಿ ಅಂತ ಗೊತ್ತಾದರೆ ಬೇಡ ಅಂದರೂ ಅನ್ನಬಹುದು. ತೆಗೆದುಕೊಂಡರೂ ಹೆರಿಗೆಗೆ 8 ತಿಂಗಳು ಕಾಯಬೇಕು ಅಂತ ಷರತ್ತು ಹಾಕಬಹುದು. ಎಂಟು ತಿಂಗಳಲ್ಲಿ ನಿಮ್ಮ ಮಗು ಹುಟ್ಟಿ, ಮಗುಚಿಕೊಳ್ಳೋಕೆ ಕಲಿಯುತ್ತಿರುತ್ತೆ! ಕೆಲಸದಲ್ಲಿರುವವರು ಖಾಸಗಿಗೆ ಹೋಗಬೇಕಾದರೆ ಸಂಬಳ ಒಂದು ಮಿತಿ ದಾಟಿರಬೇಕು, 2025ರಲ್ಲಿ ಅದು ವರ್ಷಕ್ಕೆ 73,800 ಯೂರೋ ಇತ್ತು. ಒಬ್ಬರೇ ಇರುವ ಹುಡುಗರು ಕಂತು ಕಡಿಮೆ ಅಂತ ಸುಮ್ನೆ ಅತ್ತ ಹೋಗಿಬಿಡುತ್ತಾರೆ.

ಇನ್ನು ಸೀಮಂತ. ಅತ್ತೆಯವರ ಜೊತೆ ವಾದ ಬೇಡ, ವಾರದ ಲೆಕ್ಕ ಹೇಳಿ. 28 ವಾರ ದಾಟಿದರೆ ಬಹಳಷ್ಟು ಏರ್‌ಲೈನ್ಸ್‌ನವರು ಡಾಕ್ಟರ್ ಪತ್ರ ಕೇಳುತ್ತಾರೆ. 36 ದಾಟಿದರೆ ಹತ್ತಿಸಿಕೊಳ್ಳುವುದಿಲ್ಲ, ಅವಳಿ ಆದರೆ ಅದಕ್ಕೂ ಮೊದಲೇ ನಿಲ್ಲಿಸುತ್ತಾರೆ. ಏಳನೇ ತಿಂಗಳ ಶಾಸ್ತ್ರ ಮುಗಿಸಿ ಹೊರಡುವ ಹೊತ್ತಿಗೆ 30 ವಾರ ಆಗಿರುತ್ತೆ. ವೀಸಾ ಸ್ವಲ್ಪ ತಡವಾದರೂ ಕಷ್ಟ. ನಮ್ಮಮ್ಮ ಐದನೇ ತಿಂಗಳಲ್ಲೇ ಹೂ ಮುಡಿಸಿ, ಹಸಿರು ಬಳೆ ತೊಡಿಸಿ ಕಳಿಸಿದರು. ಸೆಕ್ಯೂರಿಟಿಯಲ್ಲಿ ಬಳೆಗೆ ಯಾವ ತಕರಾರೂ ಆಗಲಿಲ್ಲ, ಗಾಜಿನದು ಅಲ್ವಾ.

20ನೇ ವಾರದ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಾಂಗ ಸರಿಯಿದೆಯಾ ಅಂತ ನೋಡುವುದು) ಇಲ್ಲೇ ಮಾಡಿಸಿ. ಎಲ್ಲಾ ಸರಿಯಿದ್ದರೆ, ನಿಮ್ಮ ಡಾಕ್ಟರೂ ಹೂಂ ಅಂದರೆ, ವೀಸಾ ಬಂದ ತಕ್ಷಣ ಹೊರಡಿ. 28 ಆಗಿರದಿದ್ದರೂ ಪತ್ರ ಇಟ್ಟುಕೊಳ್ಳಿ. ನನ್ನ ಪತ್ರದಲ್ಲಿ "ಪ್ರಯಾಣ ಮಾಡಬಹುದು" ಅಂತ ಒಂದೇ ಸಾಲು ಇತ್ತು. ಕೌಂಟರ್‌ನ ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿದಳು, ಡ್ಯೂ ಡೇಟ್ ಕೇಳಿದಳು, ಮೊಬೈಲಿನಲ್ಲಿ ಕ್ಯಾಲೆಂಡರ್ ತೆಗೆದು ಒಂದೊಂದೇ ವಾರ ಹಿಂದಕ್ಕೆ ಎಣಿಸಿದಳು. ಹಿಂದಿನ ಸಾಲಿನವರೆಲ್ಲಾ ನನ್ನ ಹೊಟ್ಟೆ ನೋಡುತ್ತಾ ನಿಂತಿದ್ದರು. ಡ್ಯೂ ಡೇಟ್, ಇವತ್ತಿಗೆ ಎಷ್ಟು ವಾರ, ಒಂದೇ ಮಗು, ತೊಂದರೆ ಏನೂ ಇಲ್ಲ ಅಂತ ಇಂಗ್ಲಿಷ್‌ನಲ್ಲಿ ಬರೆಸಿ. ಸೀಲು, ಡಾಕ್ಟರ ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ನೋಂದಣಿ ಸಂಖ್ಯೆ ಇರಲಿ.

ಬ್ಲಡ್ ಗ್ರೂಪ್ ನೆಗೆಟಿವ್ ಆಗಿದ್ದರೆ ಅದನ್ನೂ ಎದ್ದು ಕಾಣುವ ಹಾಗೆ ಬರೆಸಿ. 28ನೇ ವಾರದ ಹೊತ್ತಿಗೆ ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗುತ್ತೆ. ನನ್ನದು ಓ ನೆಗೆಟಿವ್, ಅಲ್ಲಿನ ಡಾಕ್ಟರ್ ನನ್ನ ಫೈಲಿನಲ್ಲಿ ಮೊದಲು ಹುಡುಕಿದ್ದೇ ಅದನ್ನು.

ರಾಜಾಜಿನಗರ ವಿಮೆ:
ನಾನು ಇದೇ ಕ್ಷೇತ್ರದವನು. ಅಕ್ಕ ಹೇಳಿದ್ದು ಸರಿ, ಒಂದು ತಿದ್ದುಪಡಿ. ಕೆಲವು ಟ್ರಾವೆಲ್ ಪಾಲಿಸಿಗಳು ಬಸಿರಿನ ತುರ್ತು ತೊಂದರೆಗಳಿಗೆ ಇಷ್ಟು ವಾರದವರೆಗೆ, ಇಷ್ಟು ಹಣದವರೆಗೆ ಅಂತ ಕೊಡುತ್ತವೆ. ಮಾಮೂಲಿ ಹೆರಿಗೆಗೆ ಅಲ್ಲ. ಏಜೆಂಟ್ ಬಾಯಿಮಾತು ಬೇಡ, ಆ ಷರತ್ತು ಯಾವ ಪುಟದಲ್ಲಿದೆ ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ರಾಜೀನಾಮೆ ಈಗಲೇ ಬೇಡ ಮೇಡಂ. ನಿಮ್ಮ ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ಹೆರಿಗೆ ಸೌಲಭ್ಯ ಸಾಮಾನ್ಯವಾಗಿ ಇರುತ್ತೆ, ಮಿತಿ ಇದ್ದರೂ ಕಾಯುವ ಅವಧಿ ಇರುವುದು ಕಡಿಮೆ. ವೀಸಾ ಕೈಕೊಟ್ಟರೆ ಬೆಂಗಳೂರಲ್ಲೇ ಹೆರಿಗೆ, ಆಗ ಇದೇ ಗತಿ. ಹೊಸದಾಗಿ ಸ್ವಂತ ಪಾಲಿಸಿ ತೆಗೆದುಕೊಂಡರೆ ಈ ಹೆರಿಗೆಗೆ ಸಿಗಲ್ಲ. 26 ವಾರದ ಹೆರಿಗೆ ರಜೆಯಲ್ಲಿ ಹೆರಿಗೆಗೆ ಮುಂಚೆ 8 ವಾರಕ್ಕಿಂತ ಜಾಸ್ತಿ ತೆಗೆದುಕೊಳ್ಳೋಕಾಗಲ್ಲ, ಅದಕ್ಕೂ ಮೊದಲಿನದು ನಿಮ್ಮ ಬೇರೆ ರಜೆ, ಇಲ್ಲವೇ ಲಾಸ್ ಆಫ್ ಪೇ.

ಇದರಲ್ಲೊಂದು ಕೊಕ್ಕೆ ಇದೆ. ಜರ್ಮನಿಯ ಪುಕ್ಕಟೆ ಕುಟುಂಬ ವಿಮೆಗೆ ನಿಮ್ಮ ತಿಂಗಳ ಆದಾಯ ಒಂದು ಮಿತಿಯೊಳಗಿರಬೇಕು, 2025ರಲ್ಲಿ ಅದು 535 ಯೂರೋ ಇತ್ತು. ಇಲ್ಲಿಂದ ರಜೆಯ ಸಂಬಳ ಬರುತ್ತಿದ್ದರೆ ಫಾರಂನಲ್ಲಿ ಹಾಗೇ ಬರೆಯಿರಿ, ಮುಚ್ಚಿಡಬೇಡಿ.

ಬಸವನಗುಡಿ ಅಮ್ಮ:
ಅದೆಲ್ಲಾ ಸರಿ ತಾಯಿ, ಬಾಣಂತನ ಯಾರು ಮಾಡುತ್ತಾರೆ? ಅಮ್ಮನನ್ನು ಕರೆಸಿಕೊಳ್ಳುವುದಾದರೆ ಅವರಿಗೂ ವೀಸಾ, ವಿಮೆ. 180 ದಿನದಲ್ಲಿ 90 ದಿನ ಮಾತ್ರ ಇರೋಕೆ ಬಿಡುತ್ತಾರೆ. ಹೆರಿಗೆಗೆ ತುಂಬಾ ಮುಂಚೆ ಕರೆಸಿಕೊಂಡರೆ, ಮಗುವಿಗೆ ಎಣ್ಣೆ ನೀರು ಹಾಕುವ ಹೊತ್ತಿಗೆ ಅಮ್ಮ ವಾಪಸ್. ಬಿಪಿ, ಶುಗರ್ ಇದ್ದರೆ ಅವರ ವಿಮೆಯಲ್ಲಿ ಹೇಳಿಬಿಡಿ. ನಮ್ಮ ಬೀಗಿತ್ತಿ ಬಿಪಿ ವಿಷಯ ಹೇಳದೆ ಹೋಗಿ ಆಸ್ಪತ್ರೆ ಬಿಲ್ ಪೂರ್ತಿ ಕೈಯಿಂದ ಕಟ್ಟಿದರು.

ವಿಜಯನಗರದ ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿಯೇ ಕೇಳಿದೆ. ಟಿಕೆ ಅಂತೆ, ಸದ್ಯ! ಅತ್ತೆಗೆ ವಾರದ ಲೆಕ್ಕ ತೋರಿಸಿದೆ. ಮುಖ ಸಣ್ಣಗಾಯಿತು, ಆದರೂ ಹೂ ಮುಡಿಸೋಕೆ ಒಪ್ಪಿದ್ದಾರೆ. ಛತ್ರದ ಅಡ್ವಾನ್ಸ್ ಮಾವ ನೋಡಿಕೊಳ್ಳುತ್ತಾರಂತೆ. ಅಕ್ಕ, ಆಸ್ಪತ್ರೆಗೆ ಈಗಲೇ ಹೆಸರು ಬರೆಸಬೇಕಾ?

ಮಲ್ಲೇಶ್ವರದ ಅಕ್ಕ:
ಆಸ್ಪತ್ರೆಯಲ್ಲಿ ಹೆಸರು ಜರ್ಮನಿಗೆ ಹೋದ ಮೇಲೆ ಬರೆಸಿದರೂ ನಡೆಯುತ್ತೆ. ಅದಕ್ಕಿಂತ ಅವಸರ ಹೆಬಾಮೆಯದು, ಅಂದರೆ ಅಲ್ಲಿನ ಸೂಲಗಿತ್ತಿ. ಹೆರಿಗೆ ಆದಮೇಲೆ ಮನೆಗೇ ಬಂದು ಮಗುವಿನ ತೂಕ, ನಿಮ್ಮ ಹೊಲಿಗೆ, ಹಾಲು ಕುಡಿಸುವುದು ಎಲ್ಲಾ ನೋಡುತ್ತಾರೆ, ಮೊದಲ 10 ದಿನ ದಿನಾ ಬೇಕಾದರೂ ಬರಬಹುದು. ಅದೂ ವಿಮೆಯಲ್ಲೇ. ಆದರೆ ಸಿಗೋದು ಕಷ್ಟ. ನಿಮ್ಮವರಿಗೆ ಈ ವಾರವೇ ಹುಡುಕೋಕೆ ಹೇಳಿ. ಮದುವೆ ಸರ್ಟಿಫಿಕೇಟ್, ಇಬ್ಬರ ಜನನ ಪ್ರಮಾಣಪತ್ರ ಒರಿಜಿನಲ್ಲೇ ತಗೊಂಡು ಹೋಗಿ, ಮಗುವಿನ ಜನನ ನೋಂದಣಿಗೆ ಜರ್ಮನ್ ಅನುವಾದದ ಜೊತೆ ಕೇಳುತ್ತಾರೆ. ಅವನ್ನು ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ.